ಮೊದಲ ನಾಚ್‌ಗೆ ಕದಲದ ಬೋಗಿ: 600 ವೋಲ್ಟ್ ಡಿಸಿ ಹಳೆಯ ವಿದ್ಯುತ್ ರೈಲುಗಳಲ್ಲಿ ದೋಷ ಹುಡುಕುವ ಬಗೆ

ಮೋಟರ್‌ಗೆ ಕರೆಂಟ್ ಬಿಡುವ ಕಂಟ್ರೋಲರ್‌ನ ಹಿಡಿಕೆಯನ್ನು ಮೊದಲ ನಾಚ್‌ಗೆ (ಹಿಡಿಕೆ ನಿಲ್ಲುವ ಮೊದಲ ಮೆಟ್ಟಿಲಿಗೆ) ತಂದರೂ ಬೋಗಿ ಕದಲುವುದಿಲ್ಲ. ಇಲ್ಲವೇ ಎರಡು ನಾಚ್ ಸುಮ್ಮನಿದ್ದು ಮೂರನೆಯದಕ್ಕೆ ಒಮ್ಮೆಲೇ ಎಗರುತ್ತದೆ. ಇಲ್ಲವೇ ಹಿಡಿಕೆ ತಿರುಗಿಸಿದ ತಕ್ಷಣ ತಲೆಯ ಮೇಲಿನ ಬ್ರೇಕರ್ (ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಢಬ್ ಎಂದು ಬೀಳುತ್ತದೆ. ಹಳೆಯ ಟ್ರಾಲಿ (ಊರೊಳಗಿನ ಟ್ರಾಮ್) ಮತ್ತು ಇಂಟರ್‌ಅರ್ಬನ್ (ಊರಿಂದೂರಿಗೆ ಓಡುವ ವಿದ್ಯುತ್ ರೈಲು) ಬೋಗಿಗಳನ್ನು ಮತ್ತೆ ಓಡಿಸುವ ಸ್ವಯಂಸೇವಕರಿಗೆ ಈ ಮೂರು ಲಕ್ಷಣಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಮೂರಕ್ಕೂ ಕಾರಣ ಬೇರೆ, ಹುಡುಕುವ ದಾರಿಯೂ ಬೇರೆ. ಆದರೆ ಮೂರರಲ್ಲೂ ಜನ ಮೊದಲು ಮಾಡುವ ಕೆಲಸ ಒಂದೇ: ಕಂಟ್ರೋಲರ್‌ನ ಮುಚ್ಚಳ ಬಿಚ್ಚುವುದು. ಅದು ಬಹುತೇಕ ಸಲ ತಪ್ಪು ಜಾಗ.

ಇಲಿನಾಯ್‌ನ ಯೂನಿಯನ್ ಊರಿನ ಇಲಿನಾಯ್ ರೈಲ್ವೆ ಮ್ಯೂಸಿಯಂ, ಮೇನ್ ರಾಜ್ಯದ ಕೆನೆಬಂಕ್‌ಪೋರ್ಟ್‌ನಲ್ಲಿ 1939ರಲ್ಲಿ ಶುರುವಾದ ಸೀಶೋರ್ ಟ್ರಾಲಿ ಮ್ಯೂಸಿಯಂ, ಕ್ಯಾಲಿಫೋರ್ನಿಯದ ವೆಸ್ಟರ್ನ್ ರೈಲ್ವೆ ಮ್ಯೂಸಿಯಂ ಇಂಥ ಕಡೆಗಳಲ್ಲಿರುವ ಬೋಗಿಗಳು ಒಂದು ಕಾಲಕ್ಕೆ ದಿನವಿಡೀ ಓಡುತ್ತಿದ್ದವು. ಶಿಕಾಗೊ ಅರೋರಾ ಅಂಡ್ ಎಲ್ಜಿನ್ ಎಂಬ ಇಂಟರ್‌ಅರ್ಬನ್ ಕಂಪನಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿದ್ದು 1957ರ ಜುಲೈ 3ರಂದು. ಅಂಥದ್ದೇ ಇನ್ನೊಂದಾದ ನಾರ್ತ್ ಶೋರ್ ಲೈನ್ ನಿಂತದ್ದು 1963ರ ಜನವರಿ 21ರಂದು. ಅಲ್ಲಿಂದ ಬಂದ ಬೋಗಿಗಳು ಈಗ ವರ್ಷದ ಹೆಚ್ಚಿನ ದಿನ ಶೆಡ್‌ನಲ್ಲಿ ನಿಂತಿರುತ್ತವೆ. ಓಡುತ್ತಿದ್ದಾಗ ಸವೆದು ಕೆಡುತ್ತಿದ್ದವು. ಈಗ ನಿಂತು ಕೆಡುತ್ತವೆ. ಕಂಪನಿಗಳ ಹಳೆಯ ನಿರ್ವಹಣೆ ಪುಸ್ತಕಗಳು ದಿನಾ ದುಡಿಯುವ ಬೋಗಿಗಾಗಿ ಬರೆದವು, ಹಾಗಾಗಿ ಅವುಗಳಲ್ಲಿನ ಅನುಮಾನದ ಕ್ರಮ ಇಲ್ಲಿಗೆ ಹೊಂದುವುದಿಲ್ಲ. ಮ್ಯೂಸಿಯಂ ಬೋಗಿಯಲ್ಲಿ ಸುಟ್ಟ ವೈಂಡಿಂಗ್‌ಗಿಂತ (ಮೋಟರ್‌ನ ಸುರುಳಿ ತಂತಿಗಿಂತ) ಮೊದಲು ಅನುಮಾನಿಸಬೇಕಾದವು ತೇವ, ತುಕ್ಕು, ಒಣಗಿ ಅಂಟಾದ ಎಣ್ಣೆ, ಹೋಲ್ಡರ್‌ನಲ್ಲಿ ಸಿಕ್ಕಿಕೊಂಡ ಬ್ರಷ್ (ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ತುಂಡು).

ಇಲ್ಲಿ ಮುಖ್ಯವಾಗಿ ಹೇಳುವುದು ಕೆ-ಮಾದರಿಯ ಡ್ರಮ್ ಕಂಟ್ರೋಲರ್ (ಹಿಡಿಕೆ ತಿರುಗಿಸಿದಂತೆ ತಾಮ್ರದ ಪಟ್ಟಿಗಳ ಉರುಳೆ ತಿರುಗಿ ಸಂಪರ್ಕ ಬದಲಿಸುವಂಥದ್ದು) ಇರುವ, ಎರಡು ಸೀರೀಸ್ ಮೋಟರ್‌ನ (ಫೀಲ್ಡ್ ಮತ್ತು ಆರ್ಮೇಚರ್, ಅಂದರೆ ನಿಂತ ಸುರುಳಿ ಮತ್ತು ತಿರುಗುವ ಭಾಗ, ಒಂದೇ ಸಾಲಿನಲ್ಲಿರುವ ಮೋಟರ್) ಬೋಗಿಯ ಬಗ್ಗೆ. ಕೋಲ್ಕತ್ತದಲ್ಲಿ 1902ರಿಂದ ಓಡಿದ ವಿದ್ಯುತ್ ಟ್ರಾಮ್‌ಗಳೂ 550 ವೋಲ್ಟ್ ಡಿಸಿಯವೇ. ಡ್ರಮ್ ಕಂಟ್ರೋಲರ್, ಸೀರೀಸ್ ಮೋಟರ್ ಇದ್ದಲ್ಲೆಲ್ಲ ಈ ತರ್ಕ ನಡೆಯುತ್ತದೆ.

ಕೈ ಹಾಕುವ ಮುನ್ನ

600 ವೋಲ್ಟ್ ಡಿಸಿ ಕಿಡಿ ತಾನಾಗಿ ಆರುವುದಿಲ್ಲ. ಎಸಿಯಲ್ಲಿ ಪ್ರತಿ ಆವರ್ತನಕ್ಕೆ ಎರಡು ಸಲ ಕರೆಂಟ್ ಸೊನ್ನೆಗೆ ಇಳಿಯುತ್ತದೆ, ಡಿಸಿಯಲ್ಲಿ ಆ ಅವಕಾಶವೇ ಇಲ್ಲ. ಹಾಗಾಗಿ ಬ್ರೇಕರ್ ಇಳಿಸಿದರೆ ಸಾಲದು. ಟ್ರಾಲಿ ಪೋಲ್ (ಮೇಲಿನ ತಂತಿಯಿಂದ ಕರೆಂಟ್ ತರುವ ಛಾವಣಿಯ ಕೋಲು) ಇಳಿಸಿ, ಕೊಕ್ಕೆಗೆ ಸಿಕ್ಕಿಸಿ, ಹಗ್ಗ ಕಟ್ಟಿ, ಆ ಹಗ್ಗಕ್ಕೆ ಕೆಲಸ ಮಾಡುವವರ ಹೆಸರಿನ ಚೀಟಿ ತೂಗುಬಿಡಿ. ಚೀಟಿ ಕಟ್ಟಿದವರೇ ಅದನ್ನು ಬಿಚ್ಚಬೇಕು. ಪೋಲ್ ಎರಡಿದ್ದರೆ ಎರಡನ್ನೂ ಇಳಿಸಿ. ಮೂರನೇ ಹಳಿಯಿಂದ ಕರೆಂಟ್ ತೆಗೆಯುವ ಬೋಗಿಯಾದರೆ ಆ ಹಳಿಗೆ ತಾಗುವ ಶೂಗಳ ಕೆಳಗೆ ಒಣಮರದ ಹಲಗೆ ಸೇರಿಸಿ.

ಮೀಟರ್ ಕನಿಷ್ಠ 1000 ವೋಲ್ಟ್ ಡಿಸಿಯದ್ದು, ಕ್ಯಾಟ್ 3 ಸುರಕ್ಷತಾ ದರ್ಜೆಯದ್ದು ಇರಲಿ. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಡಿಸಿ ಅಳೆಯುವ ಹಾಲ್ ಸೆನ್ಸರ್‌ನದ್ದೇ ಆಗಬೇಕು. ಮನೆ ವೈರಿಂಗ್‌ಗೆ ಬಳಸುವ ಎಸಿ ಕ್ಲ್ಯಾಂಪ್ ಇಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಹಳೆಯ ಕಂಟ್ರೋಲರ್‌ನ ಕಿಡಿತಡೆ ಹಲಗೆಗಳಲ್ಲೂ ರೆಸಿಸ್ಟರ್ ಸುತ್ತಲಿನ ಕೇಬಲ್ ಹೊದಿಕೆಯಲ್ಲೂ ಆಸ್ಬೆಸ್ಟಾಸ್ ಇರುತ್ತದೆ. ಕಂಪ್ರೆಸರ್ ಗಾಳಿ ಬಿಟ್ಟು ಧೂಳು ಹಾರಿಸಬೇಡಿ. ತೇವ ಮಾಡಿ, ಸೂಕ್ಷ್ಮ ಫಿಲ್ಟರ್‌ನ ವ್ಯಾಕ್ಯೂಮ್‌ನಿಂದ ಎಳೆಯಿರಿ, ತಕ್ಕ ಮುಖಗವಸು ಹಾಕಿಕೊಳ್ಳಿ.

ಇನ್ನೊಂದು ಅಪಾಯ ಹೊಸಬರ ಗಮನಕ್ಕೆ ಬರುವುದೇ ಇಲ್ಲ. ಕರೆಂಟ್ ಹಿಂದಿರುಗುವುದು ಗಾಲಿಯಿಂದ ಹಳಿಗೆ. ತಿಂಗಳುಗಟ್ಟಲೆ ಬಳಸದ ಹಳಿಯ ಮೇಲೆ ದಪ್ಪ ತುಕ್ಕು, ಒಣ ಎಲೆ ಅಥವಾ ಬ್ರೇಕ್‌ಗೆ ಸುರಿದ ಮರಳು ಇದ್ದರೆ ಗಾಲಿ ಹಳಿಯನ್ನು ವಿದ್ಯುತ್ತಿನ ಲೆಕ್ಕದಲ್ಲಿ ಮುಟ್ಟುವುದೇ ಇಲ್ಲ. ಆಗ ದೀಪ ಆರಿ, ಕಂಪ್ರೆಸರ್ ನಿಂತು, ಬೋಗಿ ಸತ್ತಂತೆ ಕಾಣುತ್ತದೆ. ಆದರೆ ಗಾಲಿ, ಚೌಕಟ್ಟು, ಮೆಟ್ಟಿಲ ಕಂಬಿ ಎಲ್ಲವೂ 600 ವೋಲ್ಟ್‌ನಲ್ಲಿರಬಹುದು. ನೆಲದ ಮೇಲೆ ನಿಂತು ಕಂಬಿ ಹಿಡಿದವರಿಗೆ ಅದು ಪ್ರಾಣಾಂತಿಕ. ಬೋಗಿ ಇದ್ದಕ್ಕಿದ್ದಂತೆ ಸತ್ತರೆ ಒಳಗಿರುವವರು ಒಳಗೇ ಇರಲಿ, ಹೊರಗಿನವರು ದೂರ ಸರಿಯಲಿ, ಮೊದಲು ಒಳಗಿನಿಂದಲೇ ಹಗ್ಗ ಎಳೆದು ಪೋಲ್ ಇಳಿಯಲಿ. ಹಳಿ ಉಜ್ಜುವುದು ಆಮೇಲೆ.

ಕರೆಂಟ್ ಹಾದಿ

ತಂತಿ, ಟ್ರಾಲಿ ಚಕ್ರ ಅಥವಾ ಶೂ, ಪೋಲ್, ಛಾವಣಿ ಕೇಬಲ್, ಬ್ರೇಕರ್, ಫ್ಯೂಸ್, ಕಂಟ್ರೋಲರ್‌ನ ಫಿಂಗರ್‌ಗಳು (ಡ್ರಮ್‌ಗೆ ಒತ್ತಿ ನಿಲ್ಲುವ ಸಂಪರ್ಕ ತುಂಡುಗಳು) ಮತ್ತು ಡ್ರಮ್, ಗ್ರಿಡ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಎರಕದ ತಡೆ), ರಿವರ್ಸರ್ (ದಿಕ್ಕು ಬದಲಿಸುವ ಸ್ವಿಚ್), ಒಂದನೇ ಮೋಟರ್, ಎರಡನೇ ಮೋಟರ್, ಅರ್ತ್ ತಂತಿ, ಗಾಲಿ, ಹಳಿ. ಇದನ್ನು ಬಾಯಿಪಾಠ ಮಾಡಿಕೊಂಡವರಿಗೆ ಅರ್ಧ ಕೆಲಸ ಮುಗಿದಂತೆ. ದೀಪ, ಹೀಟರ್, ಕಂಪ್ರೆಸರ್‌ಗಳ ಕವಲು ಸಾಮಾನ್ಯವಾಗಿ ಮುಖ್ಯ ಬ್ರೇಕರ್‌ಗಿಂತ ಮೊದಲೇ ಒಡೆಯುತ್ತದೆ. ಆದ್ದರಿಂದ ದೀಪ ಉರಿಯುತ್ತಿದ್ದರೆ ತಂತಿಯಿಂದ ಛಾವಣಿವರೆಗೆ, ಗಾಲಿಯಿಂದ ಹಳಿಗೆ ದಾರಿ ಇದೆ ಎಂದಾಯಿತು. ಆದರೆ ಅದು ಒಂದೆರಡು ಆಂಪಿಯರ್‌ನ ಸಾಕ್ಷಿ ಮಾತ್ರ. ನೂರು ಆಂಪಿಯರ್‌ಗೆ ಆ ದಾರಿ ತಡೆಯುತ್ತದೆ ಎಂದಲ್ಲ. ಮೊದಲ ನಾಚ್‌ಗೆ ತಂದ ಕೂಡಲೇ ದೀಪಗಳು ಮಂಕಾಗಿ ಅಥವಾ ಆರಿ, ಹಿಡಿಕೆ ಹಿಂದಕ್ಕೆ ತಂದಾಗ ಮತ್ತೆ ಹೊತ್ತಿಕೊಂಡರೆ ದೋಷ ಬೋಗಿಯೊಳಗಿಲ್ಲ. ಟ್ರಾಲಿ ಶೂ ಅಥವಾ ಹಳಿಯ ಸ್ಪರ್ಶದಲ್ಲಿದೆ.

ದೀಪ ಆರಿದೆ ಎಂದು ಕರೆಂಟ್ ಇಲ್ಲವೆಂದು ತೀರ್ಮಾನಿಸುವುದೂ ತಪ್ಪು. ಹಳೆಯ ಬೋಗಿಗಳಲ್ಲಿ 120 ವೋಲ್ಟ್‌ನ ಐದು ಬಲ್ಬ್‌ಗಳು ಒಂದರ ಹಿಂದೊಂದು ಸೇರಿ 600 ವೋಲ್ಟ್ ಹಂಚಿಕೊಳ್ಳುತ್ತವೆ. ಒಂದು ಬಲ್ಬ್ ಹೋದರೆ ಐದೂ ಆರುತ್ತವೆ. ಎಲ್ಲ ಸಾಲುಗಳೂ ಆರಿವೆಯೇ ನೋಡಿ.

ಮೊದಲ ಕವಲು: ಕರೆಂಟ್ ಹರಿಯುತ್ತಿದೆಯೇ?

ಅರ್ತ್ ತಂತಿಗೂ ಛಾವಣಿಯಿಂದ ಇಳಿಯುವ ಮುಖ್ಯ ಕೇಬಲ್‌ಗೂ ಕ್ಲ್ಯಾಂಪ್ ಹಾಕಿ. ಪೋಲ್ ಕೆಳಗಿರುವಾಗಲೇ ಹಾಕಿ, ಆಮೇಲೆ ಪೋಲ್ ಏರಿಸಿ, ದೂರದಿಂದ ಓದಿ. ಬ್ರೇಕ್ ಬಿಡಿಸಿ ಒಂದನೇ ನಾಚ್‌ಗೆ ತನ್ನಿ, ಎರಡು ಸೆಕೆಂಡ್‌ಗೆ ಆಫ್ ಮಾಡಿ.

ಎರಡೂ ಕಡೆ ಸೊನ್ನೆ ಬಂದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ. ಎರಡೂ ಕಡೆ ಒಂದೇ ಅಂಕಿ ಬಂದು ಬೋಗಿ ಕದಲದಿದ್ದರೆ ದೋಷ ಯಾಂತ್ರಿಕವಿರಬಹುದು: ಕೈಬ್ರೇಕ್ ಬಿಗಿದಿದೆ, ಬ್ರೇಕ್ ಕಟ್ಟೆ ತುಕ್ಕಿನಿಂದ ಗಾಲಿಗೆ ಅಂಟಿದೆ, ಇಲ್ಲವೇ ಆರ್ಮೇಚರ್ ತನ್ನ ಕೆಳಗಿನ ಫೀಲ್ಡ್ ಕಾಂತಕ್ಕೆ ಉಜ್ಜುತ್ತಿದೆ. ಛಾವಣಿ ಕೇಬಲ್‌ನಲ್ಲಿ ಕರೆಂಟ್ ಇದ್ದು ಮೋಟರ್‌ನ ಅರ್ತ್ ತಂತಿಯಲ್ಲಿ ಇಲ್ಲದಿದ್ದರೆ ಅದು ನಡುವೆಯೇ ಬೋಗಿಯ ಚೌಕಟ್ಟಿಗೆ ಸೋರುತ್ತಿದೆ. ಈ ಒಂದೇ ಪರೀಕ್ಷೆ ಮೂರು ದಾರಿಗಳನ್ನು ಬೇರ್ಪಡಿಸುತ್ತದೆ. ಇದನ್ನು ಬಿಟ್ಟು ಮುಂದೆ ಹೋದ ಕೆಲಸ ದಿನಗಟ್ಟಲೆ ಎಳೆಯುತ್ತದೆ.

ಮುಂದಿನದು ಖರ್ಚಿಲ್ಲದ ಪರೀಕ್ಷೆ. ರಿವರ್ಸ್ ಹಿಡಿಕೆ ತೆಗೆದುಕೊಂಡು ಬೋಗಿಯ ಇನ್ನೊಂದು ತುದಿಗೆ ಹೋಗಿ ಅಲ್ಲಿಂದ ಪ್ರಯತ್ನಿಸಿ. ಅಲ್ಲಿಂದ ಓಡಿದರೆ ದೋಷ ಮೊದಲ ತುದಿಯ ಕಂಟ್ರೋಲರ್‌ನದ್ದು. ಎರಡೂ ಕಡೆಯಿಂದ ಅದೇ ಲಕ್ಷಣ ಬಂದರೆ ಎರಡೂ ಕಂಟ್ರೋಲರ್‌ಗಳನ್ನು ಸದ್ಯಕ್ಕೆ ಮರೆತುಬಿಡಿ. ಒಂದು ಎಚ್ಚರ: ಅನೇಕ ಬೋಗಿಗಳಲ್ಲಿ ಎರಡು ತುದಿಯ ಬ್ರೇಕರ್‌ಗಳು ಸೀರೀಸ್‌ನಲ್ಲಿವೆ. ಹಿಂದಿನ ತುದಿಯದು ತೆರೆದಿದ್ದರೆ ಮುಂದಿನಿಂದ ಏನೂ ನಡೆಯುವುದಿಲ್ಲ. ಒಂದು ದಿಕ್ಕಿಗೆ ಮಾತ್ರ ಓಡುವ ಬೋಗಿಯಲ್ಲಿ ರಿವರ್ಸರ್ ಡ್ರಮ್‌ನ ಫಿಂಗರ್ ನೋಡಿ, ಬೇರೆಲ್ಲೂ ಹುಡುಕಬೇಡಿ.

ಎರಡನೇ ಮೂರನೇ ನಾಚ್‌ಗೆ ಎಗರುವುದು

ಈ ಲಕ್ಷಣ ತಾನೇ ದೋಷದ ಜಾಗ ಹೇಳುತ್ತದೆ. ಮೊದಲ ನಾಚ್‌ನಲ್ಲಿ ಎಲ್ಲ ರೆಸಿಸ್ಟರ್ ಭಾಗಗಳೂ ದಾರಿಯಲ್ಲಿರುತ್ತವೆ. ಪ್ರತಿ ನಾಚ್‌ಗೂ ಡ್ರಮ್ ಒಂದೊಂದು ಭಾಗವನ್ನು ಬಳಸುದಾರಿಯಿಂದ ಹೊರಗಿಡುತ್ತದೆ. ಮೊದಲ ಭಾಗದ ಗ್ರಿಡ್ ಸೀಳಿದ್ದರೆ ಒಂದನೇ ನಾಚ್‌ನಲ್ಲಿ ಸರ್ಕ್ಯೂಟ್ ಇಲ್ಲ. ಎರಡನೆಯದರಲ್ಲಿ ಆ ಭಾಗವೇ ಹೊರಗಾಗುವುದರಿಂದ ಸರ್ಕ್ಯೂಟ್ ಕೂಡುತ್ತದೆ, ಆದರೆ ಕಡಿಮೆ ತಡೆಯೊಂದಿಗೆ. ಒಟ್ಟು 5 ಓಮ್ ಇರುವ ಹಾದಿಯಲ್ಲಿ ಸರಿಯಾದ ಮೊದಲ ನಾಚ್‌ಗೆ 120 ಆಂಪಿಯರ್. ಅದರಲ್ಲಿ 1.5 ಓಮ್‌ನ ಮೊದಲ ಭಾಗ ತಪ್ಪಿ ನೇರ ಎರಡನೆಯದರಿಂದ ಹೊರಟರೆ 171 ಆಂಪಿಯರ್. ಸೀರೀಸ್ ಮೋಟರ್‌ನ ಎಳೆತ ಕರೆಂಟ್‌ಗಿಂತ ವೇಗವಾಗಿ ಏರುವುದರಿಂದ ಅದು ಇಮ್ಮಡಿಯ ಹತ್ತಿರ ಹೋಗಬಹುದು. ನಿಂತಿರುವ ಪ್ರಯಾಣಿಕ ಬೀಳುವುದು ಇದರಿಂದ. ಮೂರನೇ ನಾಚ್‌ಗೆ ಎಗರಿದರೆ ದೋಷ ಎರಡನೇ ಭಾಗದಲ್ಲಿ ಇರಲೇಬೇಕು. ಮೊದಲ ಭಾಗವೂ ಕೆಟ್ಟಿರಬಹುದು, ಅಳೆಯದೆ ಗೊತ್ತಾಗುವುದಿಲ್ಲ.

ಅಳೆಯಲು ಸಾಮಾನ್ಯ ಮೀಟರ್‌ನ ಓಮ್ ಸ್ಥಾನ ಸಾಲದು. ತಂತಿಗಳ ತಡೆಯೇ ಲೆಕ್ಕ ಕೆಡಿಸುತ್ತದೆ. ಪೋಲ್ ಇಳಿಸಿ, ಗ್ರಿಡ್ ಸಾಲಿನ ಮೂಲಕ ಹೊರಗಿನ ಡಿಸಿ ಮೂಲದಿಂದ 10 ಆಂಪಿಯರ್ ಹರಿಸಿ, ಪ್ರತಿ ಭಾಗದ ಎರಡು ಟರ್ಮಿನಲ್ ನಡುವೆ ವೋಲ್ಟ್ ಅಳೆಯಿರಿ. 8 ವೋಲ್ಟ್ ಬಂದರೆ ಆ ಭಾಗ 0.8 ಓಮ್. ಒಂದು ಗ್ರಿಡ್‌ನಿಂದ ಪಕ್ಕದ್ದಕ್ಕೆ ಸೇರುವ ಕಿವಿಯ ಮೇಲೂ ಅಳೆಯಿರಿ. ಅಲ್ಲಿ ವೋಲ್ಟ್ ಕಂಡರೆ ತುಕ್ಕು ಹಿಡಿದಿದೆ ಎಂದು ಅರ್ಥ. ಬಿಚ್ಚಿ, ಸೇರುವ ಮುಖಗಳನ್ನು ತಂತಿಬ್ರಷ್‌ನಿಂದ ಲೋಹ ಕಾಣುವವರೆಗೆ ಉಜ್ಜಿ, ಬೋಲ್ಟ್ ಸುತ್ತಲಿನ ನಿರೋಧಕ ಮೈಕಾ ಕೊಳವೆ ಬಿರುಕು ಬಿಟ್ಟಿಲ್ಲ ಎಂದು ನೋಡಿಕೊಂಡು, ಉದ್ದ ಬೋಲ್ಟನ್ನು ಮತ್ತೆ ಬಿಗಿ ಮಾಡಿ.

ಸೀಳಿದ ಎರಕದ ಗ್ರಿಡ್‌ಗೆ ತಾಮ್ರದ ತಂತಿ ಸುತ್ತಿ ದಾಟಿಸುವ ಅಭ್ಯಾಸ ಹಲವೆಡೆ ಇದೆ. ಶೆಡ್‌ಗೆ ಮರಳಲು ಮಾತ್ರ ಅದು ಸರಿ. ಅಷ್ಟು ತಡೆ ಕಡಿಮೆಯಾದದ್ದು ಮುಂದೆ ಪ್ರತಿ ಹೊರಡುವಿಕೆಯಲ್ಲೂ ಮೋಟರ್‌ನ ಮೇಲೆ ಬೀಳುತ್ತದೆ. ಅದೇ ತಡೆಯ ಗ್ರಿಡ್ ಹುಡುಕಿ ಹಾಕಿ. ಗ್ರಿಡ್ ಸೀಳಲು ಮುಖ್ಯ ಕಾರಣ ಚಾಲಕರು ರೆಸಿಸ್ಟರ್ ನಾಚ್‌ನಲ್ಲಿ ಕಾಲ ಕಳೆಯುವುದು. 4.5 ಓಮ್ ಗ್ರಿಡ್‌ನಲ್ಲಿ 120 ಆಂಪಿಯರ್ ಅಂದರೆ 65 ಕಿಲೋವಾಟ್ ಶಾಖ. ಓಡಿಸಲು ಇರುವುದು ಪೂರ್ಣ ಸೀರೀಸ್ (ಎರಡೂ ಮೋಟರ್ ಒಂದರ ಹಿಂದೊಂದು) ಮತ್ತು ಪೂರ್ಣ ಪ್ಯಾರಲಲ್ (ಎರಡೂ ಅಕ್ಕಪಕ್ಕ) ನಾಚ್‌ಗಳು ಮಾತ್ರ. ಮ್ಯೂಸಿಯಂನ ಸಣ್ಣ ಹಳಿಯಲ್ಲಿ ನಿಧಾನ ಹೋಗಬೇಕೆಂದು ನಡುವಿನ ನಾಚ್ ಹಿಡಿದುಕೊಂಡರೆ ಗ್ರಿಡ್ ಕೆಂಪಾಗುತ್ತದೆ, ಆಮೇಲೆ ಮಳೆ ನೀರು ಸಿಡಿದಾಗ ಸೀಳುತ್ತದೆ. ವೇಗ ಪಡೆದು ಆಫ್ ಮಾಡಿ, ಉರುಳಲು ಬಿಡಿ.

ಸೀರೀಸ್‌ನಲ್ಲಿ ಏನೂ ಇಲ್ಲ, ಪ್ಯಾರಲಲ್‌ಗೆ ಹೊರಡುತ್ತದೆ

ಎರಡರಲ್ಲಿ ಒಂದು ಮೋಟರ್‌ನ ಹಾದಿ ತುಂಡಾಗಿದೆ. ಸೀರೀಸ್‌ನಲ್ಲಿ ಎರಡೂ ಒಂದೇ ಹಾದಿಯಲ್ಲಿರುವುದರಿಂದ ಒಂದು ಹೋದರೆ ಎರಡೂ ಹೋದಂತೆ. ಪ್ಯಾರಲಲ್‌ನಲ್ಲಿ ಸರಿಯಿರುವುದು ಒಂಟಿಯಾಗಿ ಎಳೆಯುತ್ತದೆ. ಕಂಟ್ರೋಲರ್ ಕೆಳಗಿನ ಕಟೌಟ್ ಸ್ವಿಚ್‌ನಿಂದ ಒಂದೊಂದೇ ಮೋಟರ್ ಬಿಡಿಸಿ ನೋಡಿ. ಕೆಟ್ಟದ್ದನ್ನು ಬಿಡಿಸಿದಾಗ ಸೀರೀಸ್ ನಾಚ್‌ಗಳಲ್ಲಿ ಬೋಗಿ ಹೊರಡುತ್ತದೆ. ಕಟೌಟ್ ಹಾಕಿದಾಗ ಹಿಡಿಕೆ ಪ್ಯಾರಲಲ್‌ಗೆ ಹೋಗದಂತೆ ಕೀಲು ತಡೆಯುತ್ತದೆ. ಅದನ್ನು ಬಲವಂತದಿಂದ ದಾಟಿಸಬೇಡಿ.

ನಿಂತ ಬೋಗಿಯಲ್ಲಿ ಇದಕ್ಕೆ ಕಾರಣ ಹೆಚ್ಚಾಗಿ ಬ್ರಷ್. ಕಾರ್ಬನ್ ಪುಡಿ, ಹಳೆಯ ಎಣ್ಣೆ, ತೇವ ಮೂರೂ ಸೇರಿ ಬ್ರಷ್ಷನ್ನು ಹೋಲ್ಡರ್‌ಗೆ ಅಂಟಿಸುತ್ತವೆ. ಸ್ಪ್ರಿಂಗ್ ಒತ್ತಿದರೂ ಅದು ಇಳಿಯುವುದಿಲ್ಲ. ಬೆರಳಿನಿಂದ ಎತ್ತಿ ಬಿಟ್ಟಾಗ ತಾನಾಗಿ ಇಳಿದು ಕೂರಬೇಕು. ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರ್ ಮೇಲೆ ತುಕ್ಕಿನ ಬಣ್ಣದ ಅಥವಾ ಹಸಿರು ಪದರ ಇದ್ದರೆ ಸಣ್ಣ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಎಮರಿ ಕಾಗದ ಬೇಡ. ಅದರ ಕಣಗಳು ತಾಮ್ರದಲ್ಲೂ ಬ್ರಷ್‌ನಲ್ಲೂ ಕಚ್ಚಿಕೊಂಡು ಉಳಿಯುತ್ತವೆ. ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಸುಮಾರು 1 ಮಿಲಿಮೀಟರ್ ಕೆಳಗಿರಲಿ. ಮಟ್ಟ ಸಮವಾಗಿದ್ದರೆ ಮೈಕಾ ನಿಧಾನವಾಗಿ ಸವೆದು ಎದ್ದು ನಿಂತು ಬ್ರಷ್ಷನ್ನು ಕುಣಿಸುತ್ತದೆ, ಕಿಡಿ ಶುರುವಾಗುತ್ತದೆ.

ನಾಲ್ಕು ಮೋಟರ್‌ನ ಬೋಗಿಯಲ್ಲಿ ಮೋಟರ್‌ಗಳು ಜೋಡಿಯಾಗಿ ಪ್ಯಾರಲಲ್‌ನಲ್ಲಿರುತ್ತವೆ. ಒಂದು ತುಂಡಾದರೂ ಜೊತೆಯದ್ದು ಕರೆಂಟ್ ಹೊರುತ್ತದೆ, ಬೋಗಿ ಓಡುತ್ತದೆ, ದೋಷ ಮುಚ್ಚಿಹೋಗುತ್ತದೆ, ಜೊತೆಯ ಮೋಟರ್ ಸುಡುತ್ತದೆ. ಇಂಥ ಬೋಗಿಯಲ್ಲಿ ವರ್ಷದ ಮೊದಲ ಓಟದಲ್ಲಿ ನಾಲ್ಕೂ ಮೋಟರ್‌ನ ಕರೆಂಟನ್ನು ಬೇರೆ ಬೇರೆಯಾಗಿ ಅಳೆಯಲೇಬೇಕು.

ಬ್ರೇಕರ್ ಬೀಳುವುದು

ಯಾವ ನಾಚ್‌ನಲ್ಲಿ ಬೀಳುತ್ತದೆ ಎನ್ನುವುದನ್ನು ಬರೆದಿಟ್ಟುಕೊಳ್ಳಿ. ಎರಡನೇ ಮೋಟರ್‌ಗೆ ಕರೆಂಟ್ ಬರುವ ತುದಿ ಅರ್ತ್ ಆಗಿದ್ದರೆ (ಚೌಕಟ್ಟಿಗೆ ಸೋರುತ್ತಿದ್ದರೆ) ಸೀರೀಸ್‌ನಲ್ಲಿ ಒಂದನೆಯದು ಕೆಲಸ ಮಾಡುತ್ತದೆ, ಬೋಗಿ ಓಡುತ್ತದೆ. ಪ್ಯಾರಲಲ್‌ಗೆ ಬದಲಾದಾಗ ಅರ್ತ್ ಆದ ಮೋಟರ್ ನೇರ ತಂತಿಗೆ ಸೇರಿ ಬ್ರೇಕರ್ ಬೀಳುತ್ತದೆ. ಒಂದನೆಯದೇ ಅರ್ತ್ ಆಗಿದ್ದರೆ ಕರೆಂಟ್ ರೆಸಿಸ್ಟರ್ ದಾಟಿ ನೇರ ಚೌಕಟ್ಟಿಗೆ ಹೋಗುತ್ತದೆ. ಬೋಗಿ ಕದಲುವುದಿಲ್ಲ, ಮೊದಲ ನಾಚ್ ತಡೆಯುತ್ತದೆ, ಎರಡು ಮೂರನೆಯದಕ್ಕೆ ಬೀಳುತ್ತದೆ. ಬ್ರೇಕ್ ಅಂಟಿದ ಬೋಗಿಯೂ ಹೀಗೇ ವರ್ತಿಸುವುದರಿಂದ ಒಂದನೇ ಮೋಟರ್ ಕಟೌಟ್ ಮಾಡಿ ನೋಡಿ. ಆಗ ಹೊರಟರೆ ಉತ್ತರ ಸಿಕ್ಕಿತು. ಒಂದನೇ ನಾಚ್‌ಗೇ ಬಿದ್ದರೆ ದೋಷ ರೆಸಿಸ್ಟರ್‌ಗಿಂತ ಮುಂಚೆ, ಕೇಬಲ್‌ನಲ್ಲೋ ಕಂಟ್ರೋಲರ್‌ನಲ್ಲೋ ಇದೆ. ಇಲ್ಲವೇ ಗ್ರಿಡ್‌ಗಳ ನಡುವೆ ತುಕ್ಕಿನ ಚಕ್ಕೆ ಬಿದ್ದು ತಡೆಯೇ ಇಲ್ಲವಾಗಿದೆ.

ಇಲ್ಲಿಂದ ಮೆಗ್ಗರ್ (ನಿರೋಧನದ ತಡೆ ಅಳೆಯುವ ಮೀಟರ್) ಕೆಲಸ. ಪೋಲ್ ಇಳಿಸಿ, ಮಿಂಚುತಡೆಯ ತಂತಿ ಬಿಡಿಸಿ, ಮೋಟರ್‌ನ ಅರ್ತ್ ತಂತಿ ಬಿಚ್ಚಿ, ಕಂಟ್ರೋಲರ್ ಫಿಂಗರ್‌ಗಳ ಕೆಳಗೆ ಒಣ ನಿರೋಧಕ ಕಾಗದ ತೂರಿಸಿ ಭಾಗಗಳನ್ನು ಬೇರ್ಪಡಿಸಿ. 500 ವೋಲ್ಟ್‌ನಲ್ಲಿ ಅಳೆಯಿರಿ, ಒಂದು ನಿಮಿಷ ಹಿಡಿಯಿರಿ. 1970ಕ್ಕೆ ಮುಂಚಿನ ವೈಂಡಿಂಗ್‌ಗಳಿಗೆ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಾದ ಐಇಇಇಯ 43ನೇ ಮಾನಕ ಹೇಳುವ ಕನಿಷ್ಠ, ಮೋಟರ್‌ನ ಕಿಲೋವೋಲ್ಟ್‌ಗೆ 1 ಕೂಡಿಸಿದಷ್ಟು ಮೆಗಾಓಮ್. 600 ವೋಲ್ಟ್‌ಗೆ ಅದು 1.6, ಅದೂ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ರತಿ 10 ಡಿಗ್ರಿ ಏರಿಕೆಗೆ ಅಂಕಿ ಸುಮಾರು ಅರ್ಧವಾಗುತ್ತದೆ. ತಣ್ಣನೆಯ ಶೆಡ್‌ನಲ್ಲಿ 20 ಡಿಗ್ರಿಗೆ 3 ಮೆಗಾಓಮ್ ಬಂದರೆ ಸಂತೋಷಪಡಬೇಡಿ, 40ರ ಲೆಕ್ಕಕ್ಕೆ ಅದು 0.75 ಮಾತ್ರ.

ಕಡಿಮೆ ಬಂತೆಂದು ಆರ್ಮೇಚರ್ ಬಿಚ್ಚಲು ಹೊರಡುವುದೂ ಅವಸರವೇ. ಹತ್ತಿ ಮತ್ತು ವಾರ್ನಿಷ್ ಬಟ್ಟೆಯ ನಿರೋಧನ ತೇವ ಹೀರುತ್ತದೆ. ಮೊದಲು ಬ್ರಷ್ ಹೋಲ್ಡರ್ ಸುತ್ತಲೂ ಕಮ್ಯುಟೇಟರ್ ಅಂಚಿನಲ್ಲೂ ಇರುವ ಕಾರ್ಬನ್-ಎಣ್ಣೆ ಮಡ್ಡಿ ಒರೆಸಿ ಮತ್ತೆ ಅಳೆಯಿರಿ. ಬಳಿಕ ಒಣಗಿಸಿ. ಟಾರ್ಪಾಲಿನ್ ಇಳಿಬಿಟ್ಟು ಬೆಚ್ಚನೆಯ ಗಾಳಿ ಹಾಯಿಸಿ. ವೈಂಡಿಂಗ್ ಮೈ 60-70 ಡಿಗ್ರಿ ಮೀರದಿರಲಿ, ಮೀರಿದರೆ ಹಳೆಯ ಡಾಂಬರು ಮಿಶ್ರಣ ಕರಗಿ ಹರಿಯುತ್ತದೆ. ಕಡಿಮೆ ವೋಲ್ಟ್‌ನ ಡಿಸಿ ಹರಿಸಿ ಒಳಗಿನಿಂದ ಕಾಯಿಸುವುದಾದರೆ ಫೀಲ್ಡ್‌ಗಳಿಗೆ ಮಾತ್ರ ಹರಿಸಿ. ನಿಂತ ಆರ್ಮೇಚರ್‌ಗೆ ಹರಿಸಿದರೆ ಬ್ರಷ್ ಕೆಳಗಿನ ಒಂದೆರಡು ಪಟ್ಟಿಗಳೇ ಇಡೀ ಕರೆಂಟ್ ಹೊತ್ತು ಸುಟ್ಟ ಗುರುತು ಬೀಳುತ್ತದೆ.

ಒಣಗಿಸುವಾಗ ಎರಡು ಗಂಟೆಗೊಮ್ಮೆ ಅಳೆದು ಬರೆಯಿರಿ. ಅಂಕಿ ಮೊದಲು ಇಳಿಯುತ್ತದೆ. ಇದು ಸಹಜ: ಮೈ ಬಿಸಿಯಾಗುತ್ತಿದೆ, ಒಳಗಿನ ತೇವ ಹರಡುತ್ತಿದೆ. ಇಲ್ಲಿ ಹೆದರಿ ನಿಲ್ಲಿಸುವವರೇ ಹೆಚ್ಚು. ಮುಂದುವರಿಸಿದರೆ ಅಂಕಿ ತಳ ಮುಟ್ಟಿ ಏರತೊಡಗುತ್ತದೆ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ದಿನಗಟ್ಟಲೆ ಒಣಗಿಸಿದರೂ ಸೊನ್ನೆಯ ಹತ್ತಿರವೇ ಕುಳಿತಿದ್ದರೆ ಮಾತ್ರ ಮೋಟರ್ ಇಳಿಸುವ ಮಾತು.

ಮೋಟರ್ ಪರೀಕ್ಷಿಸುವಾಗ ಆರ್ಮೇಚರ್ ಕೆಳಗಿನ ಗಾಳಿ ಅಂತರಕ್ಕೆ ಫೀಲರ್ ಗೇಜ್ ತೂರಿಸಿ ಮೇಲಿನದರ ಜೊತೆ ಹೋಲಿಸಿ. ಬಿಳಿಲೋಹದ ಬೇರಿಂಗ್ ಸವೆದಿದ್ದರೆ ಆರ್ಮೇಚರ್ ಕೆಳಗೆ ಕೂತಿರುತ್ತದೆ. ಎಣ್ಣೆ ಪೆಟ್ಟಿಗೆಯ ದಾರದ ಮುದ್ದೆ ಒಣಗಿದ್ದರೆ ಎಣ್ಣೆ ಸುರಿದಷ್ಟಕ್ಕೆ ಸರಿಹೋಗುವುದಿಲ್ಲ. ಹೊಸ ಮುದ್ದೆಯನ್ನು ಎಣ್ಣೆಯಲ್ಲಿ ನೆನೆಸಿ, ಹಿಂಡಿ, ಶಾಫ್ಟ್‌ಗೆ ತಾಗುವಂತೆ ತುಂಬಬೇಕು.

ಕಂಟ್ರೋಲರ್ ಕೊನೆಗೆ

ಸಾಕ್ಷಿ ಇಲ್ಲಿಗೆ ತಂದರೆ ಮಾತ್ರ ಬಿಚ್ಚಿ. ಫಿಂಗರ್ ತುದಿ ಸುಟ್ಟು ಗುಳಿ ಬಿದ್ದಿದ್ದರೆ ಅರದಿಂದ ಸಮ ಮಾಡಿ, ತೀರ ಸವೆದಿದ್ದರೆ ಬದಲಿಸಿ. ಡ್ರಮ್‌ನ ತಾಮ್ರದ ಮೇಲೆ ಏರಿದಾಗ ಫಿಂಗರ್ ಒಂದೂವರೆ ಎರಡು ಮಿಲಿಮೀಟರ್ ಮೇಲೇಳಬೇಕು. ಏಳದಿದ್ದರೆ ಒತ್ತಡ ಇಲ್ಲ. ಹೆಚ್ಚು ಎದ್ದರೆ ತಾಮ್ರದ ಅಂಚಿಗೆ ಸಿಕ್ಕಿ ಮುರಿಯುತ್ತದೆ. ಶುದ್ಧ ಮಾಡಿದ ಮೇಲೆ ವ್ಯಾಸಲೀನ್ ತೆಳುವಾಗಿ ಸವರಿ ಒರೆಸಿಬಿಡಿ. ಆಫ್ ಮಾಡುವಾಗ ಒಳಗೆ ಉದ್ದ ಕಿಡಿ ಹಾರುತ್ತಿದ್ದರೆ ಬ್ಲೋಔಟ್ ಕಾಯಿಲ್‌ನ ಸಂಪರ್ಕ ನೋಡಿ. ಕಿಡಿಯನ್ನು ಕಾಂತಬಲದಿಂದ ಊದಿ ಆರಿಸುವುದು ಅದೇ.

ಗಾಳಿಯಿಂದ ಸ್ವಿಚ್ ಕೂಡುವ ಎಚ್‌ಎಲ್ ಮಾದರಿಯ ಬೋಗಿಯಾದರೆ ಮೊದಲು ನೋಡಬೇಕಾದದ್ದು ಗಾಳಿಯ ಗೇಜ್. ಅವುಗಳ ಸ್ವಿಚ್‌ಗಳು ಸಾಮಾನ್ಯವಾಗಿ 70 ಪಿಎಸ್‌ಐ ಗಾಳಿಗೆ ಮಾಡಿದವು. ಕಂಪ್ರೆಸರ್ ಈಗಷ್ಟೇ ಶುರುವಾಗಿದ್ದರೆ ಸ್ವಿಚ್ ಕೂಡುವುದಿಲ್ಲ, ಅರೆಬರೆ ಕೂಡಿದರೆ ತುದಿ ಬೆಸೆದುಕೊಳ್ಳುತ್ತದೆ. ಗಾಳಿ ತುಂಬಿದ ಮೇಲೂ ಒಂದು ಸ್ವಿಚ್ ಮಾತ್ರ ಏಳದಿದ್ದರೆ ಪೋಲ್ ಇಳಿಸಿಯೇ ಅದರ ಮ್ಯಾಗ್ನೆಟ್ ವಾಲ್ವ್‌ನ ಪಿನ್ ಕೈಯಿಂದ ಒತ್ತಿ. ಎದ್ದರೆ ದೋಷ ವಿದ್ಯುತ್ತಿನದು. ಏಳದಿದ್ದರೆ ಸಿಲಿಂಡರ್‌ನ ಚರ್ಮದ ಪ್ಯಾಕಿಂಗ್ ಒಣಗಿದೆ.

ದುರಸ್ತಿಯಾದ ಮೇಲೆ ನೇರ ತಂತಿಗೆ ಸೇರಿಸಬೇಡಿ. 120 ವೋಲ್ಟ್, 100 ವಾಟ್‌ನ ಐದು ಬುರುಡೆ ಬಲ್ಬ್‌ಗಳ ಸಾಲನ್ನು ದಾರಿಯಲ್ಲಿಟ್ಟು, ಮೋಟರ್‌ನ ಅರ್ತ್ ತಂತಿ ಬಿಚ್ಚಿಟ್ಟೇ ಒಂದನೇ ನಾಚ್ ಹಾಕಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಸ್ವಲ್ಪವೂ ಹೊತ್ತಬಾರದು. ಹೊತ್ತಿದರೆ ಸೋರಿಕೆ ಇನ್ನೂ ಇದೆ, ಅಪಾಯವಿಲ್ಲದೆ ತಿಳಿಯಿತು. ಹೊತ್ತದಿದ್ದರೆ ಪೋಲ್ ಇಳಿಸಿ, ಅರ್ತ್ ತಂತಿ ಬಿಗಿದು, ಸಾಲು ತೆಗೆದು, ಫಿಂಗರ್ ಕೆಳಗಿನ ಕಾಗದ, ಮಿಂಚುತಡೆಯ ತಂತಿ, ಕಟೌಟ್ ಸ್ವಿಚ್ ಎಲ್ಲ ಮೊದಲಿನಂತಾಗಿವೆಯೇ ಎರಡನೇ ವ್ಯಕ್ತಿಯಿಂದ ನೋಡಿಸಿ. ಮೆಗ್ಗರ್ ಅಂಕಿ, ಆ ಹೊತ್ತಿನ ವೈಂಡಿಂಗ್ ಉಷ್ಣತೆ, ದಿನಾಂಕ ಮೂರನ್ನೂ ಬೋಗಿಯ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಉಷ್ಣತೆ ಬರೆಯದ ಅಂಕಿ ಮುಂದಿನ ವರ್ಷದ ತಂಡಕ್ಕೆ ಉಪಯೋಗಕ್ಕೆ ಬಾರದು.